ಕ್ಯಾಂಪಸ್ ತೋಟ ಮಾಡುವವರಿಗೆ: ಪರೀಕ್ಷೆಯಿಂದ ಹಿಂದಕ್ಕೆ ಎಣಿಸಿ ಬಿತ್ತಿ
ಕಾಲೇಜು ತೋಟದಲ್ಲಿ ಬೀಜ ಹಾಕುವ ದಿನವನ್ನು ಪರೀಕ್ಷೆಯ ವೇಳಾಪಟ್ಟಿ ನೋಡಿ ಗೊತ್ತು ಮಾಡಿ. ಪರೀಕ್ಷೆಗೆ ಎರಡು ವಾರ ಮುಂಚೆ ಕೊಯ್ಲು ಮುಗಿಯಬೇಕು, ಅಲ್ಲಿಂದ ಹಿಂದಕ್ಕೆ ಎಣಿಸಿ: ಸಣ್ಣ ಕೆಂಪು ಮೂಲಂಗಿಗೆ 25ರಿಂದ 30 ದಿನ, ಸೊಪ್ಪಿಗೆ 30ರಿಂದ 45, ಗಿಡ್ಡ ಜಾತಿಯ ಬೀನ್ಸ್‌ಗೆ 50ರಿಂದ 60. ಟೊಮೆಟೊ ಆಸೆ ಬಿಡಿ, ಸಸಿ ನೆಟ್ಟ ಮೇಲೂ ಎರಡು ತಿಂಗಳು ಬೇಕು, ಹಣ್ಣಾಗುವ ಹೊತ್ತಿಗೆ ಹಾಸ್ಟೆಲ್ ಖಾಲಿ. ಹೀಗೆ ಮಾಡಿದರೆ ಬಿತ್ತಿದವರ ಕೈಗೇ ಬೆಳೆ ಸಿಗುತ್ತದೆ, ಆಗ ಮುಂದಿನ ಸಲ ಯಾರೂ ಕರೆಯದೆಯೇ ಬರುತ್ತಾರೆ. ಬೀನ್ಸ್ ಹೂ ಬಿಟ್ಟಾಗ ಒಂದು ಗಿಡ ಅಗೆದು ಬೇರಿನ ಗಂಟು ಸೀಳಿ ನೋಡಿ. ಒಳಗೆ ತಿಳಿಗೆಂಪು ಇದ್ದರೆ ಅಲ್ಲಿನ ಬ್ಯಾಕ್ಟೀರಿಯಾ ಗಾಳಿಯ ಸಾರಜನಕ ಹಿಡಿಯುತ್ತಿವೆ ಅಂತ ಅರ್ಥ, ಪುಸ್ತಕದ ಚಿತ್ರಕ್ಕಿಂತ ಇದು ಜಾಸ್ತಿ ತಲೆಯಲ್ಲಿ ಉಳಿಯುತ್ತದೆ ಅಲ್ವಾ. ಪಾತಿಯ ಪಕ್ಕ ಒಂದು ಬೆಂಚೂ ಇರಲಿ. ತಲೆ ಕೆಟ್ಟಾಗ ಸುಮ್ನೆ ಬಂದು ಕೂರುವವರು ಕೂತಲ್ಲೇ ನಾಲ್ಕು ಕಳೆ ಕೀಳುತ್ತಾರೆ! ಸುಡುಬಿಸಿಲಲ್ಲಿ ಮಾತ್ರ ಈ ಲೆಕ್ಕ ಕೈಕೊಡುತ್ತದೆ, ಮೂಲಂಗಿ ಗೆಡ್ಡೆ ಕಟ್ಟದೆ ಹೂವಿಗೆ ಹೋಗುತ್ತದೆ. ಪರೀಕ್ಷೆ ದಿನ ಆಗಾಗ ಬದಲಾಗುವ ಕಡೆಯೂ ಕಷ್ಟವೇ. ಅಲ್ಲಿ ಸೊಪ್ಪು ಮಾತ್ರ ಹಾಕಿ, ಅದು ಎಳೆಯದಾಗಿದ್ದಾಗಲೂ ಕೊಯ್ಯಬಹುದು. ರಜೆಗೆ ಹೋಗುವ ಮುಂಚೆ ಖಾಲಿ ಪಾತಿಗೆ ಒಣ ಎಲೆ ದಪ್ಪಗೆ ಹೊದಿಸಿ, ವಾಪಸ್ ಬಂದಾಗ ಕಳೆ ಕಮ್ಮಿ ಇರುತ್ತದೆ.