ಗೇಟ್ ಡ್ಯೂಟಿಯಲ್ಲಿ ಕುಡಿದ ಡ್ರೈವರ್ ಎದುರಾದರೆ

ಮಿಲಿಟರಿ ಸ್ಟೇಷನ್ ಗೇಟಲ್ಲಿ ನಿಂತವರ ಕೆಲಸ ಮೂರೇ. ಗಾಡಿ ನಿಲ್ಲಿಸಬೇಕು, ಕೀ ತೆಗೆಸಬೇಕು, ಸರಿಯಾದವರನ್ನು ಕರೆಸಬೇಕು. ಕುಡಿದಿದ್ದಾರೋ ಇಲ್ಲವೋ ಅನ್ನುವ ತೀರ್ಪು ಡಾಕ್ಟರ್ ಮತ್ತು ಮೇಲಿನವರಿಗೆ ಬಿಟ್ಟದ್ದು. ಹೊಸದಾಗಿ ಗೇಟಿಗೆ ಬಂದ ಹುಡುಗರು ಎಡವುವುದು ಇಲ್ಲೇ: ಒಂದೋ ಕಾರಿನ ಮೇಲಿನ ಸ್ಟಾರ್ ನೋಡಿ ಸೆಲ್ಯೂಟ್ ಹೊಡೆದು ಬಿಟ್ಟುಬಿಡುತ್ತಾರೆ, ಇಲ್ಲಾಂದ್ರೆ ತಾವೇ ಪೊಲೀಸ್, ಜಡ್ಜ್ ಎರಡೂ ಆಗಲು ಹೋಗುತ್ತಾರೆ.

ಇಲ್ಲಿ ಹೇಳುವುದು ಭೂಸೇನೆಯ ಲೆಕ್ಕ. ಏರ್‌ಫೋರ್ಸ್, ನೇವಿಗೆ ಬೇರೆ ಕಾಯ್ದೆ ಇದೆ. ನಿಮ್ಮ ಸ್ಟೇಷನ್ನಿನ ಆರ್ಡರ್ ಏನು ಹೇಳುತ್ತದೋ ಅದೇ ಮೊದಲು.

ಗಾಡಿ ನಿಂತ ಕೂಡಲೇ ಗುರುತಿನ ಚೀಟಿ ಕೇಳಿ, ಒಂದೆರಡು ಮಾತಾಡಿಸಿ. ವಾಸನೆ, ಕೆಂಪು ಕಣ್ಣು, ತೊದಲು ಮಾತು, ಪರ್ಸಿನಿಂದ ಕಾರ್ಡ್ ತೆಗೆಯಲು ಪರದಾಟ, ಇವೆಲ್ಲ ಗಮನಿಸಿ. ಅನುಮಾನ ಬಂತಾ? ಗಾಡಿ ಪಕ್ಕಕ್ಕೆ ಹಾಕಿಸಿ, ಎಂಜಿನ್ ಆಫ್ ಮಾಡಿಸಿ, ಕೀ ಕೇಳಿ ಇಸ್ಕೊಳ್ಳಿ. ಕಿಟಕಿಯೊಳಗೆ ಕೈ ಹಾಕಿ ಕೀ ಕಿತ್ತುಕೊಳ್ಳಲು ಹೋಗಬೇಡಿ, ಅವರು ಆಕ್ಸಿಲರೇಟರ್ ಒತ್ತಿದರೆ ಎಳೆದುಕೊಂಡು ಹೋಗುವುದು ನಿಮ್ಮನ್ನೇ. ಗಾಡಿ ಮುಂದೆಯೂ ನಿಲ್ಲಬೇಡಿ. ಡ್ರಾಪ್ ಗೇಟ್ ಇಳಿಸಿಯೇ ಇರಲಿ, ಗಾರ್ಡ್ ಕಮಾಂಡರಿಗೆ ಆಗಲೇ ಹೇಳಿಬಿಡಿ.

ತೂರಾಡುವವರೆಲ್ಲ ಕುಡುಕರಲ್ಲ. ಶುಗರ್ ಇಳಿದವರು, ತಲೆಗೆ ಪೆಟ್ಟು ಬಿದ್ದವರು, ಸ್ಟ್ರೋಕ್ ಆದವರು ಹಾಗೇ ತೊದಲುತ್ತಾರೆ, ಹಾಗೇ ರೇಗುತ್ತಾರೆ. ಬಾಯಲ್ಲಿ ರಮ್ ವಾಸನೆ ಇದ್ದರೂ ಇದು ಬೇರೆ ಇರಬಹುದು ಅನ್ನುವುದು ತಲೆಯಲ್ಲಿರಲಿ, ಏಕೆಂದರೆ ಕುಡಿದವರಿಗೂ ಶುಗರ್ ಇಳಿಯುತ್ತದೆ. ಆದ್ದರಿಂದ ಎಂಐ ರೂಮ್ (ಸ್ಟೇಷನ್ನಿನೊಳಗಿನ ವೈದ್ಯಕೀಯ ತಪಾಸಣೆ ಕೊಠಡಿ) ಅಥವಾ ಮಿಲಿಟರಿ ಆಸ್ಪತ್ರೆಗೆ ಬೇಗ ಕರೆದೊಯ್ಯಿಸಿ. ಬೇಗ ಅಂದರೆ ಬೇಗ, ತಡವಾದಷ್ಟೂ ರಕ್ತದಲ್ಲಿನ ಮದ್ಯ ಇಳಿಯುತ್ತಾ ಹೋಗುತ್ತದೆ.

ಇನ್ನು ಕಾರಲ್ಲಿ ಯಾರಿದ್ದಾರೆ ಅನ್ನುವುದರ ಮೇಲೆ ಮುಂದಿನ ದಾರಿ.

ಜವಾನ ಆಗಿದ್ದರೆ ಗಾರ್ಡ್ ಕಮಾಂಡರ್, ಡ್ಯೂಟಿ ಜೆಸಿಒ (ಜೂನಿಯರ್ ಕಮಿಷನ್ಡ್ ಆಫೀಸರ್, ಸುಬೇದಾರ್ ಥರದವರು), ಮಿಲಿಟರಿ ಪೊಲೀಸ್, ಇವರನ್ನು ಕರೆಸಿ. ಇಲ್ಲಿ ಒಂದು ಸೂಕ್ಷ್ಮ ಇದೆ. 1950ರ ಆರ್ಮಿ ಆಕ್ಟ್‌ನ 48ನೇ ಸೆಕ್ಷನ್ ಪ್ರಕಾರ ಡ್ಯೂಟಿಯಲ್ಲಿಲ್ಲದ ಜವಾನ ಕುಡಿದು ಸಿಕ್ಕಿಬಿದ್ದರೆ ಜೈಲು ಆರು ತಿಂಗಳು ಮೀರುವಂತಿಲ್ಲ. ಅದೇ ಮನುಷ್ಯ ಅಮಲಿನಲ್ಲಿ ಹವಾಲ್ದಾರ್ ಮೇಲೋ ಸುಬೇದಾರ್ ಮೇಲೋ ಕೈ ಮಾಡಿದರೆ 40ನೇ ಸೆಕ್ಷನ್, ಅಲ್ಲಿ 10 ವರ್ಷ, ಆ ಮೇಲಿನವರು ಡ್ಯೂಟಿಯಲ್ಲಿದ್ದರೆ 14 ವರ್ಷದವರೆಗೂ ಹೋಗಬಹುದು! ಹಾಗಾಗಿ ರಟ್ಟೆ ಹಿಡಿದು ಇಳಿಸುವುದೇ ಆದರೆ ಆತನ ಸಮಾನ ದರ್ಜೆಯ ಹುಡುಗರೇ ಇಳಿಸಲಿ, ದೊಡ್ಡವರು ಎರಡು ಹೆಜ್ಜೆ ಹಿಂದೆ ನಿಂತು ನೋಡಲಿ. ಬೈದರೂ ಎದುರು ಬೈಯಬೇಡಿ. ಒಂದು ರಾತ್ರಿಯ ಕುಡಿತಕ್ಕೆ ಒಬ್ಬನ ಇಡೀ ನೌಕರಿ ಹಾಳಾಗುವುದನ್ನು ತಪ್ಪಿಸುವುದೂ ನಿಮ್ಮ ಕೈಲಿದೆ ಅಲ್ವಾ.

ಆಫೀಸರ್ ಆಗಿದ್ದರೆ? ಕೆಂಪು ಟೋಪಿಯ ಮಿಲಿಟರಿ ಪೊಲೀಸರೂ ಇನ್ನೊಬ್ಬ ಆಫೀಸರ್ ಆದೇಶ ಇಲ್ಲದೆ ಅವರನ್ನು ಬಂಧಿಸುವ ಹಾಗಿಲ್ಲ, 107ನೇ ಸೆಕ್ಷನ್ ಹೇಳುವುದು ಅದನ್ನೇ. ಆದರೆ ಗಾಡಿ ತಡೆಯುವುದು ಬಂಧನ ಅಲ್ಲ. 'ಸಾಹೇಬರೇ, ಡ್ಯೂಟಿ ಆಫೀಸರ್ ಬರ್ತಿದ್ದಾರೆ, ಐದು ನಿಮಿಷ ಕೂತಿರಿ' ಅಂತ ಮರ್ಯಾದೆಯಿಂದ ಹೇಳಿ, ಅಷ್ಟೇ ಗಟ್ಟಿಯಾಗಿ ಹೇಳಿ. 'ನಾನು ಯಾರು ಗೊತ್ತಾ' ಅಂತ ಕೇಳಿದರೆ ಗೊತ್ತು ಸಾರ್ ಅಂದು ಸುಮ್ನಿರಿ, ಗೇಟ್ ಮಾತ್ರ ಎತ್ತಬೇಡಿ.

ಸಿವಿಲಿಯನ್ ಆದರೆ ಆರ್ಮಿ ಆಕ್ಟ್ ಸಾಮಾನ್ಯವಾಗಿ ನಡೆಯುವುದಿಲ್ಲ. ಒಳಗೆ ಬಿಡಬೇಡಿ, 112ಕ್ಕೆ ಫೋನ್ ಮಾಡಿಸಿ, ಪೊಲೀಸರಿಗೆ ಒಪ್ಪಿಸಿ. ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಪ್ರಕಾರ 100 ಮಿಲಿ ರಕ್ತದಲ್ಲಿ 30 ಮಿಲಿಗ್ರಾಂ ಮೀರಿದರೆ ಅಪರಾಧ, ಮೊದಲ ಸಲಕ್ಕೆ ಆರು ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿ ದಂಡ, ಅಥವಾ ಎರಡೂ. ಆ ಕಾಯ್ದೆಯಲ್ಲಿ ಉಸಿರಿನ ಪರೀಕ್ಷೆ ಮಾಡಿಸುವ ಅಧಿಕಾರ ಸಮವಸ್ತ್ರದ ಪೊಲೀಸರಿಗೆ, ಆರ್‌ಟಿಒ ಕಡೆಯವರಿಗೆ. ನಿಮ್ಮ ಗೇಟಲ್ಲಿ ಮೆಷಿನ್ ಇದ್ದರೆ ಅದು ನಿಮ್ಮ ಅನುಮಾನಕ್ಕೆ ಆಧಾರ ಅಷ್ಟೇ. ಊದಿಸುವುದಾದರೆ ಕೊನೆಯ ಗುಟುಕಿನಿಂದ 15 ನಿಮಿಷ ಕಳೆದಿರಲಿ, ಪೈಪ್ ಹೊಸದಿರಲಿ.

ಬರೆಯುವುದಕ್ಕೆ ಸೋಮಾರಿತನ ಬೇಡ. 48ನೇ ಸೆಕ್ಷನ್ನಿನಲ್ಲಿ ಮಿಲಿಗ್ರಾಂ ಲೆಕ್ಕವೇ ಇಲ್ಲ, ಅಮಲಿನಲ್ಲಿದ್ದರೇ ಅನ್ನುವುದಷ್ಟೇ ಪ್ರಶ್ನೆ, ಹಾಗಾಗಿ ನೀವು ಕಣ್ಣಾರೆ ಕಂಡದ್ದಕ್ಕೆ ಬೆಲೆ ಜಾಸ್ತಿ. 'ಫುಲ್ ಟೈಟ್ ಆಗಿದ್ದರು' ಅಂತ ಗೀಚಿದರೆ ಕೆಲಸಕ್ಕೆ ಬಾರದು. ಎಷ್ಟು ಗಂಟೆ, ಯಾವ ನಂಬರಿನ ಗಾಡಿ, ಏನು ಹೇಳಿದರು, ನಡೆಯುವಾಗ ಹೇಗೆ ವಾಲಿದರು, ಡಾಕ್ಟರ್ ಬಳಿ ಎಷ್ಟು ಹೊತ್ತಿಗೆ ಹೋದರು, ಜೊತೆಗೆ ನೋಡಿದ ಇನ್ನೊಬ್ಬರು ಯಾರು. ಇಷ್ಟು ಆ ರಾತ್ರಿಯೇ ರಿಜಿಸ್ಟರಿಗೆ ಹತ್ತಲಿ.

ಗಾರ್ಡ್ ರೂಮಿನಲ್ಲಿ ಕೂರಿಸಿದವರನ್ನು ಒಂಟಿಯಾಗಿ ಬಿಟ್ಟು ಬಾಗಿಲು ಹಾಕಿಕೊಂಡು ಹೋಗಬೇಡಿ. ಮಲಗಿದರೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಅಂಗಾತ ಮಲಗಿ ವಾಂತಿ ಆದರೆ ಉಸಿರು ಕಟ್ಟಿ ಸಾಯುತ್ತಾರೆ. ಎಬ್ಬಿಸಿದರೆ ಏಳದಿದ್ದರೆ ಕೂಡಲೇ ಆಂಬುಲೆನ್ಸ್. ವಿಚಾರಣೆ, ಬುದ್ಧಿಮಾತು ಎಲ್ಲ ಅಮಲು ಇಳಿದ ಮೇಲೆ.

ಕಾರಿನಲ್ಲಿದ್ದ ಮೊಬೈಲ್, ಪರ್ಸ್, ಬಾಟಲಿ ಎಲ್ಲ ಇಬ್ಬರ ಎದುರು ಪಟ್ಟಿ ಮಾಡಿ. ಕೀ ಕೊಡುವಾಗ ಸಹಿ ಹಾಕಿಸಿಕೊಳ್ಳಿ, ಅದೂ ಹೆಂಡತಿಯೋ ಗೆಳೆಯರೋ ಅಂತ ಬಂದವರಿಗೆ ನೀವೇ ಕೊಡದೆ ಡ್ಯೂಟಿ ಆಫೀಸರ್ ಹೇಳಿದ ಮೇಲೆ ಕೊಡಿ.