ಕೂಡ್ಲೇ ನಿಲ್ಲಿಸ್ಬೇಕಾ, ನಿಧಾನಕ್ಕೆ ಬದಲಾಯಿಸ್ಬೇಕಾ? ನಿಮ್ಮೂರಿನ ಹವಾಮಾನ ಪಟ್ಟಿ ಮಾಡುವ ಕ್ರಮ

ಹವಾಮಾನ ಬದಲಾವಣೆಯ ವಿಷಯ ಬಂದ್ರೆ ನಮ್ಮ ಕರಾವಳಿ ಕಡೆಯ ಮೀಟಿಂಗ್‌ಗಳಲ್ಲಿ ಎರಡು ಗುಂಪು ಆಗ್ತದೆ. ಒಬ್ರು "ಎಲ್ಲ ಈಗಲೇ ಬಂದ್ ಮಾಡ್ಬೇಕು, ಇನ್ನು ಟೈಮಿಲ್ಲ" ಹೇಳ್ತಾರೆ, ಇನ್ನೊಬ್ರು "ಹಾಗೆಲ್ಲ ಆಗ್ಲಿಕ್ಕಿಲ್ಲ ಮಾರಾಯ್ರೆ, ಜನ ಬದುಕ್ಬೇಡ್ವಾ, ಸ್ವಲ್ಪ ಸ್ವಲ್ಪವೇ ಮಾಡುವ" ಹೇಳ್ತಾರೆ, ಎರಡೂ ಕಡೆಯವರದ್ದು ಸರಿ ಅಂತಲೇ ಕಾಣ್ತದೆ, ಕೊನೆಗೆ ಎಂತ ಮಾಡುವುದು ಅನ್ನೋದು ಮಾತ್ರ ಹಾಗೇ ಉಳೀತದೆ. ನನ್ನ ಪ್ರಕಾರ ಪ್ರಶ್ನೆಯನ್ನು ಒಟ್ಟಿಗೆ ಕೇಳಿದ್ರೆ ಉತ್ತರ ಸಿಗುವುದಿಲ್ಲ. ಒಂದೊಂದು ವಿಷಯಕ್ಕೂ ಬೇರೆ ಬೇರೆ ಕೇಳ್ಬೇಕು: ಇದು ಕೂಡ್ಲೇ ನಿಲ್ಲಿಸ್ಬೇಕಾದ್ದಾ, ತಾರೀಕು ಹಾಕಿ ಬದಲಾಯಿಸ್ಬೇಕಾದ್ದಾ? ಅದನ್ನು ನಿಮ್ಮ ಯುವಕ ಮಂಡಲದಲ್ಲೋ, ಫ್ಲ್ಯಾಟಿನ ಅಸೋಸಿಯೇಶನ್‌ನಲ್ಲೋ, ಗ್ರಾಮಸಭೆಗೆ ಮೊದಲು ನಾಲ್ಕು ಜನ ಕೂತೋ ಮಾಡ್ಲಿಕ್ಕೆ ಆಗುವ ಹಾಗೆ ಬರೀತಿದ್ದೇನೆ.

ಮೊದಲು ಲೆಕ್ಕ ಗೊತ್ತಿರ್ಲಿ

ಪಟ್ಟಿಗೆ ಕೂರುವ ಮೊದಲು ಎಲ್ಲರಿಗೂ ಒಂದು ವಿಷಯ ತಲೆಗೆ ಹೋಗ್ಬೇಕು. ಕಾರ್ಬನ್ ಡೈಆಕ್ಸೈಡ್ ಇವತ್ತು ಬಿಟ್ಟದ್ದು ನಾಳೆ ಮಳೆಗೆ ತೊಳೆದು ಹೋಗುವುದಿಲ್ಲ, ಅದರ ದೊಡ್ಡ ಪಾಲು ನೂರಾರು ವರ್ಷ ಮೇಲೆಯೇ ಇರ್ತದೆ, ಹಾಗಾಗಿ ಈ ವರ್ಷ ಎಷ್ಟು ಬಿಟ್ಟೆವು ಅನ್ನೋದಕ್ಕಿಂತ ಇಲ್ಲಿವರೆಗೆ ಒಟ್ಟು ಎಷ್ಟು ಬಿಟ್ಟೆವು ಅನ್ನೋದೇ ಮುಖ್ಯ. ಕೈಗಾರಿಕೆ ಶುರುವಾಗುವ ಮೊದಲು ಗಾಳಿಯಲ್ಲಿ ಅದು 280 ಪಿಪಿಎಂ (ಹತ್ತು ಲಕ್ಷದಲ್ಲಿ 280 ಪಾಲು) ಇದ್ದದ್ದು ಈಗ 420 ದಾಟಿದೆ. ವಿಶ್ವಸಂಸ್ಥೆಯ ಹವಾಮಾನ ತಜ್ಞರ ಮಂಡಳಿ ಐಪಿಸಿಸಿಯ ವರದಿ ಪ್ರಕಾರ ಭೂಮಿಯ ಬಿಸಿ ಏರುವುದು 1.5 ಡಿಗ್ರಿ ಒಳಗೆ ನಿಲ್ಲಲಿಕ್ಕೆ ಅರ್ಧಕ್ಕರ್ಧ ಚಾನ್ಸ್ ಬೇಕಿದ್ರೆ 2020ರಿಂದ ಮುಂದೆ ಇಡೀ ಪ್ರಪಂಚ ಬಿಡಬಹುದಾದ್ದು ಸುಮಾರು 500 ಗಿಗಾಟನ್ (ಒಂದು ಗಿಗಾಟನ್ ಅಂದ್ರೆ ನೂರು ಕೋಟಿ ಟನ್), ನಾವೆಲ್ಲ ಸೇರಿ ವರ್ಷಕ್ಕೆ ಬಿಡ್ತಾ ಇದ್ದದ್ದು ಸುಮಾರು 40. ಭಾಗಿಸಿ ನೋಡಿ, 2020ರಿಂದ ಹನ್ನೆರಡು ವರ್ಷ ಚಿಲ್ಲರೆ. 2024 ಅಂತೂ ಇಡೀ ವರ್ಷದ ಸರಾಸರಿ 1.5 ದಾಟಿದ ಮೊದಲ ವರ್ಷ (ಒಂದೇ ವರ್ಷ ದಾಟಿದ್ರೆ ಗುರಿ ತಪ್ಪಿತು ಅಂತ ಅರ್ಥ ಅಲ್ಲ, ಹಲವು ವರ್ಷದ ಸರಾಸರಿ ನೋಡ್ತಾರೆ, ಆದ್ರೆ ದಿಕ್ಕು ಯಾವುದು ಅಂತ ಗೊತ್ತಾಯ್ತಲ್ಲ).

ಇದರಿಂದ ಎರಡು ಗುಂಪಿಗೂ ಉತ್ತರ ಸಿಗ್ತದೆ. ನಿಧಾನ ಅನ್ನುವವರಿಗೆ: ತಡ ಮಾಡಿದ ಒಂದೊಂದು ವರ್ಷದ ಹೊಗೆ ಲೆಕ್ಕಕ್ಕೆ ಸೇರ್ತಾ ಹೋಗ್ತದೆ, ಆಮೇಲೆ ಇಳಿಸುವ ವೇಗ ಇನ್ನೂ ಜಾಸ್ತಿ ಬೇಕಾಗ್ತದೆ, ಅಂದ್ರೆ ಇವತ್ತಿನ ನಿಧಾನವೇ ನಾಳೆಯ ದೊಡ್ಡ ಪೆಟ್ಟು. ಈಗಲೇ ಎಲ್ಲ ಬಂದ್ ಅನ್ನುವವರಿಗೆ: ಒಂದು ತಿಂಗಳು ಬಂದ್ ಮಾಡಿ ಜನ ಸಿಟ್ಟಾಗಿ ಮತ್ತೆ ಹತ್ತು ವರ್ಷ ಯಾರೂ ಆ ವಿಷಯ ಎತ್ತದ ಹಾಗಾದ್ರೆ ಒಟ್ಟು ಲೆಕ್ಕದಲ್ಲಿ ಎಂತ ಉಳೀತು?

ಪಟ್ಟಿ ಮಾಡುವುದು ಹೇಗೆ

ಒಂದು ದೊಡ್ಡ ಹಾಳೆ ತಗೊಳ್ಳಿ. ನಿಮ್ಮ ಗ್ರಾಮ ಅಥವಾ ವಾರ್ಡಿನಲ್ಲಿ ಕಾರ್ಬನ್ನಿಗೆ, ನೀರಿಗೆ, ಕಡಲಿಗೆ, ಗುಡ್ಡಕ್ಕೆ ಸಂಬಂಧಪಟ್ಟದ್ದು ಏನೆಲ್ಲ ನಡೀತಾ ಉಂಟು ಬರೀರಿ. ಗದ್ದೆಗೆ ಮಣ್ಣು ತುಂಬಿಸೋದು, ಗುಡ್ಡ ಕಡಿದು ಸೈಟ್ ಮಾಡೋದು, ಹೊಳೆ ಬದಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡ ಕಡಿಯೋದು, ಬೋಟಿನ ಡೀಸೆಲ್, ಮದುವೆ ಹಾಲಿನ ಜನರೇಟರ್, ಕಸಕ್ಕೆ ಬೆಂಕಿ, ಟ್ಯಾಂಕರ್ ನೀರು, ಬರಲಿಕ್ಕಿರುವ ಫ್ಯಾಕ್ಟರಿ, ಎಲ್ಲ. ಆಮೇಲೆ ಪ್ರತಿಯೊಂದಕ್ಕೂ ಮೂರು ಪ್ರಶ್ನೆ: ಒಮ್ಮೆ ಆದ್ರೆ ವಾಪಸ್ ಸರಿ ಮಾಡ್ಲಿಕ್ಕೆ ಆಗ್ತದಾ? ಒಮ್ಮೆ ಕಟ್ಟಿದ್ರೆ ಎಷ್ಟು ವರ್ಷ ನಡೀತದೆ? ನಿಲ್ಲಿಸಿದ್ರೆ ಯಾರ ಮನೆಯ ಒಲೆ ಆರ್ತದೆ?

ಮೊದಲನೆಯದಕ್ಕೆ "ಇಲ್ಲ" ಅಂತ ಬಂದ್ರೆ ಅದು ಕೂಡ್ಲೇ ನಿಲ್ಲಿಸುವ ಪಟ್ಟಿಗೆ, ಇದರಲ್ಲಿ ರಾಜಿ ಬೇಡ. ಕಡಿದ ಗುಡ್ಡ ಮತ್ತೆ ಹುಟ್ಟುವುದಿಲ್ಲ. ಮಣ್ಣು ತುಂಬಿಸಿದ ಬೈಲು ಗದ್ದೆ ಮತ್ತೆ ಮಳೆನೀರು ಹಿಡಿಯುವುದಿಲ್ಲ, ಆ ನೀರು ಪಕ್ಕದ ಮನೆ ಅಂಗಳಕ್ಕೆ ಹೋಗ್ತದೆ, ಬೇಸಿಗೆಗೆ ಬಾವಿ ಬತ್ತುತದೆ. 2020ರ ಸೆಪ್ಟೆಂಬರ್‌ನಲ್ಲಿ ಉಡುಪಿಗೆ ನೀರು ನುಗ್ಗಿದ್ದು ನೆನಪುಂಟಲ್ಲ, ಅದಕ್ಕೆ ಒಂದು ವರ್ಷ ಮೊದಲು, 2019ರ ಬೇಸಿಗೆಯಲ್ಲಿ, ಊರಿಗೆ ನೀರು ಕೊಡುವ ಬಜೆ ಡ್ಯಾಮಿನಲ್ಲಿ ನೀರಿಲ್ಲದೆ ಇದೇ ಉಡುಪಿ ಒದ್ದಾಡಿತ್ತು, ಮಂಗಳೂರಿನಲ್ಲಿ ತುಂಬೆ ಡ್ಯಾಮ್ ಖಾಲಿಯಾಗಿ ರೇಶನ್ ಲೆಕ್ಕದಲ್ಲಿ ನೀರು ಬಿಟ್ಟಿದ್ರು. ಮಳೆ ಬಿದ್ದಾಗ ಒಟ್ಟಿಗೇ ಸುರಿದು ಆಮೇಲೆ ಇಲ್ಲದ ಹಾಗೆ ಆಗ್ತಿರುವ ಕಾಲದಲ್ಲಿ ನೀರು ಹಿಡಿಯುವ ಜಾಗವನ್ನೇ ಮುಚ್ಚುವುದಕ್ಕೆ "ಹಂತ ಹಂತವಾಗಿ ಕಡಿಮೆ ಮಾಡುವ" ಅನ್ನುವ ಮಾತಿಗೆ ಅರ್ಥವೇ ಇಲ್ಲ.

ಕಾಂಡ್ಲಾ ಕಾಡಿಗೆ ಕಾನೂನೇ ಉಂಟು, ಉಪಯೋಗಿಸಿ. ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಿಯಮದಲ್ಲಿ ಅದು ಅತಿ ಸೂಕ್ಷ್ಮ ಜಾಗ, ಒಂದು ಸಾವಿರ ಚದರ ಮೀಟರಿಗಿಂತ ದೊಡ್ಡದಿದ್ರೆ ಸುತ್ತ 50 ಮೀಟರ್ ಬಫರ್ ಕೂಡ ಉಂಟು. ಕಡೀತಿದ್ದಾರೆ ಅಂತ ಗೊತ್ತಾದ್ರೆ ಜಾಗದ ಲೊಕೇಶನ್ ಬರುವ ಹಾಗೆ ಫೋಟೋ ತೆಗೆದು, ತಾರೀಕು ಬರೆದು, ಡಿಸಿ ಆಫೀಸಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ತಗೊಳ್ಳಿ. ಬಾಯಲ್ಲಿ ಹೇಳಿದ್ದು ಎಲ್ಲಿಯೂ ದಾಖಲೆ ಆಗುವುದಿಲ್ಲ.

ಎರಡನೇ ಪ್ರಶ್ನೆ ದೊಡ್ಡ ಯೋಜನೆಗಳಿಗೆ. ಕಲ್ಲಿದ್ದಲಿನ ಪ್ಲಾಂಟ್ ಒಂದು ಕಟ್ಟಿದ್ರೆ ಮೂವತ್ತು ನಲ್ವತ್ತು ವರ್ಷ ನಡೀತದೆ. ಉಡುಪಿ ಜಿಲ್ಲೆಯ ನಂದಿಕೂರು ಎಲ್ಲೂರು ಕಡೆಯ ನಮ್ಮ ಕಲ್ಲಿದ್ದಲು ಸ್ಥಾವರ 1200 ಮೆಗಾವ್ಯಾಟಿನದ್ದು, ಫುಲ್ ಲೋಡಲ್ಲಿ ಓಡಿದ್ರೆ ಗಂಟೆಗೆ 12 ಲಕ್ಷ ಯೂನಿಟ್, ಕಲ್ಲಿದ್ದಲಿನ ಒಂದು ಯೂನಿಟ್‌ಗೆ ಹೆಚ್ಚುಕಡಿಮೆ ಒಂದು ಕಿಲೋ ಕಾರ್ಬನ್ ಡೈಆಕ್ಸೈಡ್ ಲೆಕ್ಕ ಹಾಕಿದ್ರೂ ಗಂಟೆಗೆ ಸಾವಿರದ ಇನ್ನೂರು ಟನ್ನಿನ ಆಸುಪಾಸು. ನಾವು ಮನೆಯಲ್ಲಿ ಫ್ಯಾನ್ ಆಫ್ ಮಾಡಿ ಉಳಿಸುವುದು ಅದರ ಎದುರು ಎಷ್ಟು ಅಂತ ನೀವೇ ನೋಡಿ. ಹೊಸತು ಬರುವುದನ್ನು ತಡೆಯುವುದು ಸುಲಭ, ಬಂದದ್ದನ್ನು ಮುಚ್ಚಿಸುವುದು ಭಾರೀ ಕಷ್ಟ, ಹಾಗಾಗಿ ಪೂರ್ತಿ ಶಕ್ತಿ ಹಾಕ್ಬೇಕಾದ್ದು ಕಟ್ಟುವ ಮೊದಲೇ.

ಆದ್ರೆ ಇಲ್ಲಿಯೇ ನಮ್ಮ ಕರಾವಳಿಯ ದೊಡ್ಡ ಪಾಠವೂ ಉಂಟು. ತೊಂಬತ್ತರ ದಶಕದಲ್ಲಿ ಅದೇ ನಂದಿಕೂರಿಗೆ ಕೊಜೆಂಟ್ರಿಕ್ಸ್ ಅನ್ನುವ ಅಮೆರಿಕನ್ ಕಂಪೆನಿ 1000 ಮೆಗಾವ್ಯಾಟಿನ ಕಲ್ಲಿದ್ದಲು ಯೋಜನೆ ತಂದಿತ್ತು, ಜನ ವರ್ಷಾನುಗಟ್ಟಲೆ ಹೋರಾಡಿದ್ರು, ಕೋರ್ಟಿಗೂ ಹೋದ್ರು, 1999ರ ಡಿಸೆಂಬರ್‌ನಲ್ಲಿ ಕಂಪೆನಿ ಹೊರಟು ಹೋಯ್ತು. ಎಷ್ಟು ದೊಡ್ಡ ಗೆಲುವು. ಹತ್ತು ಹನ್ನೊಂದು ವರ್ಷದಲ್ಲಿ ಅದೇ ಜಾಗದಲ್ಲಿ ಬೇರೆ ಹೆಸರಿನ ಕಲ್ಲಿದ್ದಲು ಸ್ಥಾವರ ಕರೆಂಟ್ ಕೊಡ್ಲಿಕ್ಕೆ ಶುರು ಮಾಡಿತು. ಯಾಕೆ? ಕರೆಂಟಿನ ಬೇಡಿಕೆ ಎಲ್ಲಿಗೂ ಹೋಗಿರಲಿಲ್ಲ, ಆಗ ಸೋಲಾರ್ ಈಗಿನಷ್ಟು ಅಗ್ಗವೂ ಇರಲಿಲ್ಲ, "ಬೇಡ" ಅಂದ ಜಾಗದಲ್ಲಿ "ಇದರ ಬದಲು ಇದು" ಅಂತ ತುಂಬಿಸ್ಲಿಕ್ಕೆ ಏನೂ ಇರಲಿಲ್ಲ. ಆ ಹೋರಾಟಗಾರರ ಮೇಲೆ ನನಗೆ ತುಂಬಾ ಗೌರವ ಉಂಟು, ಅದಕ್ಕಾಗಿಯೇ ಹೇಳ್ತಿದ್ದೇನೆ: ನಿಮ್ಮ ಪಟ್ಟಿಯಲ್ಲಿ ಕೂಡ್ಲೇ ನಿಲ್ಲಿಸ್ಬೇಕು ಅಂತ ಬರೆದ ಪ್ರತಿಯೊಂದರ ಎದುರು ಅದರ ಬದಲಿಗೆ ಎಂತ ಅಂತಲೂ ಬರೀಲೇಬೇಕು.

ಒಲೆಯ ಪ್ರಶ್ನೆ

ಮೂರನೇ ಪ್ರಶ್ನೆಯಲ್ಲಿ ಒಬ್ಬ ಮೀನುಗಾರ, ಒಬ್ಬ ತೋಟದವನು, ಒಬ್ಬ ಆಟೋದವನು ಬಂದ್ರೆ ಅದು ತಾರೀಕು ಹಾಕುವ ಪಟ್ಟಿಗೆ. ಶ್ರೀಲಂಕಾದಲ್ಲಿ 2021ರಲ್ಲಿ ರಾಸಾಯನಿಕ ಗೊಬ್ಬರವನ್ನು ರಾತ್ರೋರಾತ್ರಿ ನಿಷೇಧಿಸಿದ್ರು, ಭತ್ತದ ಬೆಳೆ ನೆಲ ಕಚ್ಚಿತು, ಚಹಾಕ್ಕೂ ಪೆಟ್ಟು ಬಿತ್ತು, ಅದೇ ವರ್ಷ ನವೆಂಬರ್ ಹೊತ್ತಿಗೆ ವಾಪಸ್ ತಗೊಂಡ್ರು. ಸಾವಯವ ಅನ್ನುವ ಹೆಸರೇ ಅಲ್ಲಿ ಕೆಟ್ಟು ಹೋಯ್ತು.

ತಾರೀಕು ಹಾಕಿ ಮಾಡಿದ್ರೆ ಹೇಗಿರ್ತದೆ ಅಂತ ಬ್ರಿಟನ್ನಿನಲ್ಲಿ ನೋಡ್ಬಹುದು. 2008ರಲ್ಲಿ ಹವಾಮಾನ ಕಾಯ್ದೆ ತಂದ್ರು, 2012ರಲ್ಲಿಯೂ ಅವರ ಕರೆಂಟಿನ ಸುಮಾರು 40 ಶೇಕಡಾ ಕಲ್ಲಿದ್ದಲಿನದ್ದೇ, 2015ರಲ್ಲಿ 2025ಕ್ಕೆ ಬಂದ್ ಅಂತ ಗಡುವು ಹೇಳಿದ್ರು, ಕೊನೆಯ ಸ್ಥಾವರ 2024ರ ಸೆಪ್ಟೆಂಬರ್ 30ಕ್ಕೇ ನಿಂತಿತು. (ಅದರಲ್ಲಿ ಸ್ವಲ್ಪ ಪಾಲು ಗ್ಯಾಸಿಗೆ ಹೋದದ್ದೂ ನಿಜ.) ತಾರೀಕಿಲ್ಲದ ನಿಧಾನ ಬೇರೆಯೇ. 1990ರಲ್ಲಿ ಪ್ರಪಂಚ ಕಲ್ಲಿದ್ದಲು, ಎಣ್ಣೆ, ಗ್ಯಾಸಿನಿಂದ ಬಿಡ್ತಿದ್ದ ಕಾರ್ಬನ್ ಡೈಆಕ್ಸೈಡ್ ಸುಮಾರು 23 ಗಿಗಾಟನ್, ಅಷ್ಟೆಲ್ಲ ಸಮ್ಮೇಳನ ಆದ ಮೇಲೆ ಈಗ 37ರ ಮೇಲೆ.

ನಮ್ಮವರಿಗೆ ಕಟ್ಟುನಿಟ್ಟು ಆಗುವುದಿಲ್ಲ ಅನ್ನುವವರಿಗೆ ಮಲ್ಪೆ ಬಂದರು, ಮಂಗಳೂರಿನ ಧಕ್ಕೆ (ಬೋಟ್ ನಿಲ್ಲುವ ಜಾಗ) ತೋರಿಸಿ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಬೋಟ್ ಕಡಲಿಗೆ ಇಳಿಯುವ ಹಾಗಿಲ್ಲ, ಸಾವಿರಾರು ಮನೆಯ ದುಡಿಮೆ ಆ ಎರಡು ತಿಂಗಳು ನಿಲ್ತದೆ, ಆದ್ರೂ ಒಪ್ಪಿದ್ದಾರೆ, ಯಾಕಂದ್ರೆ ಮೀನು ಮೊಟ್ಟೆ ಇಡುವ ಕಾಲ ಅಂತ ಅವರಿಗೇ ಗೊತ್ತು, ತಾರೀಕು ಮೊದಲೇ ಗೊತ್ತಿರ್ತದೆ, ನಿಯಮ ಎಲ್ಲ ಬೋಟಿಗೂ ಒಂದೇ, ನಾಡದೋಣಿಯವರಿಗೆ ರಿಯಾಯಿತಿ ಉಂಟು. ನಿಮ್ಮ ಪಟ್ಟಿಯ ಯಾವ ನಿಯಮಕ್ಕಾದ್ರೂ ಇದನ್ನೇ ಹಿಡ್ಕೊಂಡು ನೋಡಿ: ಕಾರಣ ಅವರದ್ದೇ ಅನುಭವದಲ್ಲಿ ಉಂಟಾ, ತಾರೀಕು ಉಂಟಾ, ದೊಡ್ಡವರಿಗೂ ಅನ್ವಯ ಆಗ್ತದಾ, ಸಣ್ಣವರಿಗೆ ದಾರಿ ಇಟ್ಟಿದ್ದೀರಾ. ಬೂತಾಯಿ ಬಂಗುಡೆ ಸಿಗುವ ಕಾಲ ಹಿಂದಿನ ಹಾಗಿಲ್ಲ ಅಂತ ಬೋಟಿನವರೇ ಹೇಳ್ತಾರೆ, ಅವರನ್ನು ಮೊದಲು ಕೂರಿಸಿ ಕೇಳಿ, ಆಮೇಲೆ ಡೀಸೆಲ್ಲಿನ ಮಾತು ತೆಗೀರಿ. "ಅಣ್ಣ, ನಿಮ್ಮ ಇಂಜಿನ್ ಯಾವಾಗ ಬದಲಾಯಿಸ್ಲಿಕ್ಕೆ ಬರ್ತದೆ?" ಅಂತ ಕೇಳಿದ್ರೆ ಮಾತು ಮುಂದೆ ಹೋಗ್ತದೆ, "ನಿಮ್ಮ ಬೋಟಿಂದ ಪ್ರಪಂಚ ಹಾಳಾಯ್ತು" ಅಂದ್ರೆ ಅಲ್ಲಿಗೇ ನಿಲ್ತದೆ.

ಅಡಿಕೆಯವರದ್ದೂ ಹೀಗೆಯೇ, ಕೊಳೆರೋಗಕ್ಕೆ ಬೋರ್ಡೋ ಮದ್ದು ಹೊಡಿಲಿಕ್ಕೆ ಮಳೆ ಬಿಡ್ತಾ ಇಲ್ಲ ಅನ್ನುವಲ್ಲಿಂದ ಶುರು ಮಾಡಿ.

ಮನೆ, ಮಾಡು (ಛಾವಣಿ), ಸೋಲಾರ್

ಕೇಂದ್ರದ ಸೂರ್ಯಘರ್ ಯೋಜನೆಯಲ್ಲಿ 1 ಕಿಲೋವ್ಯಾಟಿಗೆ 30,000, 2ಕ್ಕೆ 60,000, 3 ಮತ್ತು ಮೇಲೆ 78,000 ರೂಪಾಯಿ ಸಬ್ಸಿಡಿ, ಫ್ಲ್ಯಾಟಿನ ಅಸೋಸಿಯೇಶನ್‌ಗೆ ಕಾಮನ್ ಉಪಯೋಗಕ್ಕೆ ಕಿಲೋವ್ಯಾಟಿಗೆ 18,000. ಗೃಹಜ್ಯೋತಿಯಲ್ಲಿ ಬಿಲ್ ಸೊನ್ನೆ ಬರುವ ಸಣ್ಣ ಮನೆಯವರನ್ನು ಇದಕ್ಕೆ ಒತ್ತಾಯಿಸ್ಬೇಡಿ, ಅದು ಅನ್ಯಾಯ. ಎಸಿ ಇರುವ ಮನೆ, ಫ್ಲ್ಯಾಟಿನ ಲಿಫ್ಟ್ ಪಂಪು, ಮದುವೆ ಹಾಲ್, ದೇವಸ್ಥಾನ ಚರ್ಚ್ ಮಸೀದಿಯ ದೊಡ್ಡ ಮಾಡು, ಇವರು ಮೊದಲು (ಈ ಸಬ್ಸಿಡಿ ವಸತಿಗೆ ಮಾತ್ರ, ಹಾಲಿನವರು ತಮ್ಮ ಬಿಲ್ಲಿನ ಉಳಿತಾಯ ಲೆಕ್ಕ ಹಾಕ್ಬೇಕು). ನಮ್ಮಲ್ಲಿ ಟೆರೇಸಿನ ಮೇಲೆ ಶೀಟ್ ಹಾಕಿದ ಮನೆಗಳೇ ಜಾಸ್ತಿ, ಆ ಶೀಟಿನ ಫ್ರೇಮ್ ಪ್ಯಾನೆಲ್ಲಿನ ಭಾರ, ಗಾಳಿ ತಡೀತದಾ ಅಂತ ಮೊದಲೇ ನೋಡಿಸಿ. ಕಡಲ ಗಾಳಿಗೆ ಸಾದಾ ಕಬ್ಬಿಣ ತುಕ್ಕು ಹಿಡೀತದೆ, ಒಳ್ಳೆ ಜಿಐ (ಸತು ಲೇಪಿಸಿದ ಕಬ್ಬಿಣ) ಅಥವಾ ಅಲ್ಯೂಮಿನಿಯಂ ಕೇಳಿ. ಮಳೆಗಾಲದಲ್ಲಿ ಯೂನಿಟ್ ಕಡಿಮೆ ಬರ್ತದೆ ಅಂತ ಮೊದಲೇ ಗೊತ್ತಿರ್ಲಿ.

ಪಟ್ಟಿಯನ್ನು ಕಾಗದಕ್ಕೆ ಇಳಿಸುವುದು

ದೊಡ್ಡ ಯೋಜನೆ ಬಂದಾಗ 2006ರ ಇಐಎ (ಪರಿಸರ ಪರಿಣಾಮ ಅಧ್ಯಯನ) ಅಧಿಸೂಚನೆ ಪ್ರಕಾರ ಸಾರ್ವಜನಿಕ ಅಹವಾಲು ಸಭೆಗೆ ಕಡಿಮೆ ಅಂದ್ರೆ 30 ದಿನ ಮೊದಲು ಪೇಪರ್‌ನಲ್ಲಿ ನೋಟಿಸ್ ಬರ್ಬೇಕು, ವರದಿಯ ಸಾರಾಂಶ ಕನ್ನಡದಲ್ಲಿ ಇರ್ಬೇಕು, ಸಭೆಗೆ ಡಿಸಿ ಅಥವಾ ಅವರ ಪರವಾಗಿ ಎಡಿಸಿ ದರ್ಜೆಗೆ ಕಡಿಮೆಯಲ್ಲದ ಅಧಿಕಾರಿ ಕೂರ್ಬೇಕು. ಮಾತಾಡ್ಲಿಕ್ಕೆ ಹೆದರಿಕೆ ಆಗುವವರು ಬರೆದು ಕೊಡ್ಬಹುದು, ಅದೂ ದಾಖಲೆಯೇ. ಬರೆಯುವಾಗ "ಪರಿಸರಕ್ಕೆ ಹಾನಿ" ಅಂತ ಒಂದು ಸಾಲು ಬರೆದ್ರೆ ಸಾಕಾಗುವುದಿಲ್ಲ, ಯಾವ ಸರ್ವೆ ನಂಬರಿನ ಯಾವ ತೋಡು, ಯಾರ ಯಾರ ಬಾವಿ, ವರದಿಯ ಯಾವ ಪುಟದಲ್ಲಿ ಅದು ಬಿಟ್ಟು ಹೋಗಿದೆ ಅಂತ ಬರೀರಿ. 2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಹವಾಮಾನ ಬದಲಾವಣೆಯ ಕೆಟ್ಟ ಪರಿಣಾಮದಿಂದ ಮುಕ್ತವಾಗಿರುವುದು ಸಂವಿಧಾನದ 14 ಮತ್ತು 21ನೇ ವಿಧಿಯ ಹಕ್ಕಿನೊಳಗೆ ಬರ್ತದೆ ಅಂತ ಹೇಳಿದೆ, ಅದನ್ನೂ ಸೇರಿಸಿ. ಅನುಮತಿ ಕೊಟ್ಟೇ ಬಿಟ್ರೆ ಹಸಿರು ನ್ಯಾಯಮಂಡಳಿಗೆ ಮೇಲ್ಮನವಿಗೆ 30 ದಿನ, ಸರಿಯಾದ ಕಾರಣ ಇದ್ರೆ ಇನ್ನೂ 60 ದಿನ, ಅದು ದಾಟಿದ್ರೆ ಬಾಗಿಲು ಮುಚ್ಚಿದ ಹಾಗೆಯೇ.

ಪರಿಸರ ಅನುಮತಿ ತಗೊಂಡು ಈಗಾಗಲೇ ನಡೀತಿರುವ ಫ್ಯಾಕ್ಟರಿಗಳು ಆ ಅನುಮತಿಯ ಷರತ್ತು ಪಾಲಿಸಿದ ವರದಿಯನ್ನು ವರ್ಷಕ್ಕೆ ಎರಡು ಸಲ, ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ಕೊಡ್ಬೇಕು. ಆ ಎರಡು ತಾರೀಕು ನಿಮ್ಮ ಹಾಳೆಯ ಮೇಲೆ ದೊಡ್ಡದಾಗಿ ಬರೀರಿ, ಒಂದು ವಾರ ಬಿಟ್ಟು ವರದಿ ತೆಗೆಸಿ, ವೆಬ್‌ಸೈಟಿನಲ್ಲಿ ಸಿಗದಿದ್ರೆ ಆರ್‌ಟಿಐ ಹಾಕಿ, ಅದರಲ್ಲಿ ಬರೆದದ್ದನ್ನು ಕಾರ್ಖಾನೆಯ ಪಕ್ಕದ ಮನೆಯವರ ಹತ್ರ ಕೂತು ಸಾಲು ಸಾಲಾಗಿ ಓದಿ, ಅವರು ಹೇಳುವುದಕ್ಕೂ ವರದಿಗೂ ಎಲ್ಲಿ ತಾಳೆ ಆಗುವುದಿಲ್ಲವೋ ಅದನ್ನು ಮುಂದಿನ ಗ್ರಾಮಸಭೆಯ ನಡಾವಳಿಯಲ್ಲಿ ಬರೆಸಿ.