ಸೆಲ್ಫಿ ಪ್ರೀತಿ ಮ್ಯಾಲೊಂದು ರಾಕ್ ಹಾಡು ಕಟ್ಟೋದು ಹೆಂಗ?

ಮೊದಲು 'ಪ್ರೀತಿ' ಅನ್ನೋ ಪದಾನೇ ಬಿಡ್ರಿ, ಕಣ್ಣಿಗೆ ಕಂಡಿದ್ದು ಬರೀರಿ. ಕಲಬುರಗಿ ಅಪ್ಪನ ಕೆರೆ ದಂಡ್ಯಾಗ ಒಂದು ಜೋಡಿ ನೋಡಿದ್ದೆ: ಸೆಲ್ಫಿ ತೊಗೊಂಡ್ರು, ಫಿಲ್ಟರ್ ಹಚ್ಚಿದ್ರು, ಆಮ್ಯಾಲ ಅರ್ಧ ತಾಸು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನಮ್ಮ ಪಲ್ಲವಿ ಅಲ್ಲೇ ಹುಟ್ಟಿತು.

ನಮ್ಮ ಬ್ಯಾಂಡ್ ಮೊದಲು ಅಕೂಸ್ಟಿಕ್ ಗಿಟಾರ್, ತಬಲಾ ಇಟ್ಕೊಂಡು ನುಡಿಸ್ತಿತ್ತು. ಈ ಪಲ್ಲವಿಗೆ ಅದು ಭಾಳ ಮೆತ್ತಗಾತು. ಎಲೆಕ್ಟ್ರಿಕ್ ಗಿಟಾರಿನ 6ನೇ ತಂತಿ, ಅಂದ್ರ ಎಲ್ಲಕ್ಕಿಂತ ದಪ್ಪಂದು, 'ಇ' ಸ್ವರದಿಂದ 'ಡಿ' ಸ್ವರಕ್ಕ ಇಳಿಸ್ರಿ. ದಪ್ಪನ 3 ತಂತಿ ಒಂದೇ ಬೆರಳಿಗೆ ಪವರ್ ಕಾರ್ಡ್ (ರಾಕ್‌ನಾಗ ಒಟ್ಟಿಗೆ ನುಡಿಸೋ ಗಟ್ಟಿ ಸ್ವರಗುಂಪು) ಆಗ್ತಾವ. ಚರಣದಾಗ ಅಂಗೈ ಅಂಚು ಬ್ರಿಜ್ (ಗಿಟಾರಿನ ಮೈಮ್ಯಾಲ ತಂತಿ ಕೂಡೋ ಪಟ್ಟಿ) ಹತ್ರ ಇಟ್ಟು ಸದ್ದು ಅದುಮ್ರಿ, ಪಲ್ಲವಿಗೆ ಕೈ ಎತ್ತಿ ಸದ್ದು ಒರಟು ಮಾಡೋ ಡಿಸ್ಟಾರ್ಷನ್ ಪೆಡಲ್ ಕಾಲಿಂದ ಒತ್ರಿ.

ತಬಲಾ ಪೂರಾ ಬಿಡಬ್ಯಾಡ್ರಿ. ಕಡೀಗೆ ಗಿಟಾರ್ ನಿಂತಾಗ ಅದೊಂದೇ ನುಡೀಲಿ. ನನಗಂತೂ ಅಲ್ಲಿ ಈಗಲೂ ಮೈ ಜುಮ್ ಅಂತದ.